ಹುದ್ದೆಯಿಲ್ಲದ ಪಾಠ: ಪರಿಸರ ಅಧ್ಯಯನದ ಅರೆಕಾಲಿಕ ಬೋಧಕರು ಮತ್ತು ತಾಳವಾಡಿಯ ಗಡಿ

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿರುವ ಗುಮಟಾಪುರವು ಹೊರಗಿನವರಿಗೆ ಪರಿಚಿತವಾಗಿರುವುದು ಅಲ್ಲಿನ ಗೊರೆಹಬ್ಬದ ಮೂಲಕ. ಬಲಿಪಾಡ್ಯಮಿಯ ಮರುದಿನ ಊರಿನ ಕೊಟ್ಟಿಗೆಗಳಿಂದ ಸಗಣಿಯನ್ನು ಬೀರೇಶ್ವರನ ಗುಡಿಯ ಬಳಿಗೆ ತಂದು ರಾಶಿ ಹಾಕುತ್ತಾರೆ. ಪೂಜೆಯಾದ ಮೇಲೆ ಗಂಡಸರು ಅದರೊಳಗೆ ಇಳಿದು ಒಬ್ಬರ ಮೇಲೊಬ್ಬರು ಸಗಣಿಯ ಉಂಡೆಗಳನ್ನು ಎಸೆದಾಡುತ್ತಾರೆ. ಹುಸಿ ಗಡ್ಡಮೀಸೆ ಹೊತ್ತ ಚಾಡಿಕೋರನ ಮೆರವಣಿಗೆಯೂ ಆ ಹಬ್ಬದ ಭಾಗ. ಪತ್ರಿಕೆಗಳು ವರ್ಷಕ್ಕೊಮ್ಮೆ ಇದರ ಚಿತ್ರವನ್ನು ವಿಚಿತ್ರ ಸಂಗತಿಯೆಂಬಂತೆ ಅಚ್ಚು ಮಾಡಿ ಮರೆಯುತ್ತವೆ. ಊರಿನವರಿಗೆ ಅದು ವಿಚಿತ್ರವಲ್ಲ. ಹಬ್ಬ ಮುಗಿದ ಬಳಿಕ ಆ ಸಗಣಿ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆ. ದೇವರು, ದನ, ಹೊಲ ಮೂರೂ ಒಂದೇ ಲೆಕ್ಕದಲ್ಲಿ ಸೇರುತ್ತವೆ.

ಇದೇ ಊರಿನ ಹುಡುಗನೋ ಹುಡುಗಿಯೋ ಪದವಿ ತರಗತಿಗೆ ಸೇರಿದ ಮೊದಲ ವರ್ಷದಲ್ಲಿ, ಕಲೆ, ವಾಣಿಜ್ಯ, ವಿಜ್ಞಾನವೆಂಬ ಭೇದವಿಲ್ಲದೆ, 'ಪರಿಸರ ಅಧ್ಯಯನ'ವೆಂಬ ಕಡ್ಡಾಯ ಪತ್ರಿಕೆಯನ್ನು ಓದಬೇಕು. ಅದರಲ್ಲಿ ಉತ್ಪಾದಕಗಳು, ಭಕ್ಷಕಗಳು, ವಿಘಟಕಗಳು ಎಂಬ ಪಾಠವಿದೆ. ಗುಮಟಾಪುರದ ಸಗಣಿಯ ರಾಶಿಯನ್ನೇ ಎದುರಿಗಿಟ್ಟುಕೊಂಡು ಹೇಳಬಹುದಾದ ಪಾಠ ಅದು. ಹಾಗೆ ಹೇಳಬಲ್ಲ ಬೋಧಕರು ತರಗತಿಗೆ ಬರುತ್ತಾರೆಯೇ ಎಂಬುದು ಬೋಧನ ವಿಧಾನದ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನೇಮಕದ ಪ್ರಶ್ನೆ. ಆ ಬೋಧಕರನ್ನು ಯಾರು, ಯಾವ ಅರ್ಹತೆಯ ಮೇಲೆ, ಎಷ್ಟು ಗಂಟೆಗೆ, ಎಷ್ಟು ತಿಂಗಳಿಗೆ ನೇಮಿಸುತ್ತಾರೆ ಎಂಬುದರಲ್ಲಿ ಉತ್ತರ ಅಡಗಿದೆ. ಆ ನೇಮಕದ ಚರಿತ್ರೆ ಮೂವತ್ತು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನದು. ಗಡಿಯ ಚರಿತ್ರೆ ಅದಕ್ಕಿಂತ ಹಳೆಯದು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಅದರ ನೆರೆಯ ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದು ಪೆರಿಯಾರ್ ಜಿಲ್ಲೆಯಾಯಿತು. ಮುಂದೆ ಅದಕ್ಕೇ ಈರೋಡು ಎಂದು ಹೆಸರಾಯಿತು. ಸತ್ಯಮಂಗಲ ತಾಲ್ಲೂಕಿನಿಂದ ತಾಳವಾಡಿ ಪ್ರತ್ಯೇಕ ತಾಲ್ಲೂಕಾದದ್ದು 2016ರಲ್ಲಿ. ಕಾಗದದ ಮೇಲೆ ಇಷ್ಟೆಲ್ಲ ಬದಲಾದರೂ ಭೂಗೋಳ ಬದಲಾಗಲಿಲ್ಲ. ತಾಳವಾಡಿಯಿಂದ ಚಾಮರಾಜನಗರಕ್ಕೆ ಸುಮಾರು 25 ಕಿ.ಮೀ. ಬಯಲು ದಾರಿ, ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಜಿಲ್ಲಾಕೇಂದ್ರವಾದ ಈರೋಡು ನೂರು ಕಿ.ಮೀ.ಗೂ ದೂರ. ಸಂತೆ, ಆಸ್ಪತ್ರೆ, ಸಂಬಂಧ ಮೇಲಿನ ದಾರಿಯಲ್ಲಿ. ಕಡತ, ಪರೀಕ್ಷೆ, ಪ್ರಮಾಣಪತ್ರ ಕೆಳಗಿನ ದಾರಿಯಲ್ಲಿ. ರಾಜಕುಮಾರ್ ಹುಟ್ಟಿದ ಗಾಜನೂರು ಈ ಸೀಮೆಯದೇ ಎಂಬುದು ಕನ್ನಡಿಗರೆಲ್ಲರಿಗೂ ಗೊತ್ತು. ಅಲ್ಲಿನ ಮಕ್ಕಳು ಯಾವ ಪಠ್ಯ ಓದುತ್ತಾರೆಂಬುದು ಗೊತ್ತಿರುವವರು ವಿರಳ.

ಅದೇ 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿತು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಕಲ್ಪಿಸುವುದು ರಾಜ್ಯದ ಕರ್ತವ್ಯವೆಂದು ಅದು ಹೇಳುತ್ತದೆ. ವಿಧಿಯ ಮಾತು ಪ್ರಾಥಮಿಕಕ್ಕೆ ನಿಲ್ಲುತ್ತದೆ. ತಾಳವಾಡಿ ಭಾಗದಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ, ತಮಿಳುನಾಡಿನ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಆದರೆ ಕಾಲೇಜಿನ ಬಾಗಿಲಲ್ಲಿ ಆ ರಕ್ಷಣೆ ಮುಗಿಯುತ್ತದೆ. ಅಲ್ಲಿಂದ ಮುಂದೆ ವಿದ್ಯಾರ್ಥಿಯ ಭಾಷೆಯನ್ನು ಗಣಿಸಬೇಕೆಂದು ಯಾವ ನೇಮಕಾತಿ ನಿಯಮವೂ ಹೇಳುವುದಿಲ್ಲ.

ಪರಿಸರದ ಪತ್ರಿಕೆ ಕಾಲೇಜಿಗೆ ಬಂದ ದಾರಿ ವಿಶಿಷ್ಟವಾದದ್ದು. ಭೌತಶಾಸ್ತ್ರ, ಅರ್ಥಶಾಸ್ತ್ರಗಳಂತಹ ವಿಷಯಗಳು ಮೊದಲು ವಿಭಾಗವಾಗಿ, ಪೀಠವಾಗಿ, ಹುದ್ದೆಯಾಗಿ ಬಂದು ಬಳಿಕ ತರಗತಿಯಾದವು. ಪರಿಸರ ಅಧ್ಯಯನ ನ್ಯಾಯಾಲಯದ ಆದೇಶವಾಗಿ ಬಂದು ನೇರವಾಗಿ ತರಗತಿಯಾಯಿತು. ಹಿನ್ನೆಲೆಯಲ್ಲಿ 1972ರ ಸ್ಟಾಕ್‌ಹೋಮ್ ಸಮ್ಮೇಳನವಿದೆ. 1976ರ ನಲವತ್ತೆರಡನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 51ಎ(ಜಿ) ವಿಧಿಯಿದೆ. 1977ರಲ್ಲಿ ಟಿಬಿಲಿಸಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವು ಪರಿಸರ ಶಿಕ್ಷಣವು ಒಂದು ಶಾಸ್ತ್ರದ ಸೊತ್ತಾಗದೆ ಹಲವು ಶಾಸ್ತ್ರಗಳನ್ನು ಬೆಸೆಯುವಂತಿರಬೇಕೆಂದು ಘೋಷಿಸಿತು. ಉದಾತ್ತವಾದ ಈ ತತ್ತ್ವವು ಭಾರತದ ಕಾಲೇಜುಗಳ ಕಾರ್ಯಭಾರದ ಪಟ್ಟಿಗೆ ಇಳಿದಾಗ ಪಡೆದ ಅರ್ಥವೇ ಬೇರೆ: ಯಾವ ಶಾಸ್ತ್ರದ್ದೂ ಅಲ್ಲದ ವಿಷಯವನ್ನು ಯಾರು ಬೇಕಾದರೂ ಬೋಧಿಸಬಹುದು ಎಂದಾಯಿತು.

1991ರ ನವೆಂಬರ್ 22ರಂದು ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಆದೇಶದಲ್ಲಿ ಎರಡು ಬಗೆಯ ನಿರ್ದೇಶನಗಳಿವೆ. ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲಿಯೂ ಪರಿಸರದ ಸಂದೇಶವುಳ್ಳ ಸ್ಲೈಡುಗಳನ್ನು ಉಚಿತವಾಗಿ ತೋರಿಸಬೇಕು, ಆಕಾಶವಾಣಿ ಮತ್ತು ದೂರದರ್ಶನ ಪ್ರತಿದಿನ ಕೆಲವು ನಿಮಿಷಗಳ ಕಾರ್ಯಕ್ರಮ ಪ್ರಸಾರ ಮಾಡಬೇಕು ಎಂಬುದು ಒಂದು ಬಗೆ. ಶಾಲೆ, ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿಸುವತ್ತ ಶಿಕ್ಷಣ ಮಂಡಳಿಗಳೂ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ ಹೆಜ್ಜೆಯಿಡಬೇಕು ಎಂಬುದು ಇನ್ನೊಂದು. ಚಿತ್ರಮಂದಿರದ ಸ್ಲೈಡನ್ನೂ ಕಾಲೇಜಿನ ಪಾಠವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಆದೇಶದ ಗುರುತು ಮುಂದಿನ ಬೆಳವಣಿಗೆಯ ಮೇಲೆಲ್ಲ ಉಳಿದಿದೆ. ಎರಡರ ಉದ್ದೇಶವೂ ಜಾಗೃತಿ. ಜಾಗೃತಿ ಮೂಡಿಸಲು ಸ್ಲೈಡಿಗೆ ವೇದಿಕೆ ಸಾಕು. ಪಾಠಕ್ಕೆ ಮನುಷ್ಯ ಬೇಕೆಂಬ ಯೋಚನೆಗೆ ಅಲ್ಲಿ ಅವಕಾಶವಿರಲಿಲ್ಲ.

ಹನ್ನೆರಡು ವರ್ಷ ಆದೇಶ ಬಹುಮಟ್ಟಿಗೆ ಕಡತದಲ್ಲಿತ್ತು. ನ್ಯಾಯಾಲಯ ಮತ್ತೆ ಬಿಗಿ ಹಿಡಿದ ಮೇಲೆ, 2003–04ರ ಹೊತ್ತಿಗೆ ಆಯೋಗವು ಪದವಿಯ ಎಲ್ಲ ಶಾಖೆಗಳಿಗೂ ಅನ್ವಯವಾಗುವ ಆರು ತಿಂಗಳ ಪಠ್ಯಕ್ರಮವೊಂದನ್ನು ಸಿದ್ಧಪಡಿಸಿತು. ತಜ್ಞ ಸಮಿತಿಯ ನೇತೃತ್ವ ವಹಿಸಿ ಪಠ್ಯಪುಸ್ತಕವನ್ನೂ ಬರೆದವರು ಪುಣೆಯ ಎರಾಚ್ ಭರೂಚಾ. ಅವರು ವೃತ್ತಿಯಿಂದ ಶಸ್ತ್ರವೈದ್ಯರು, ಪ್ರವೃತ್ತಿಯಿಂದ ವನ್ಯಜೀವಿ ಸಂರಕ್ಷಕರು. ಶಾಸ್ತ್ರಗಳ ಗಡಿ ದಾಟುವ ತತ್ತ್ವಕ್ಕೆ ಅವರೇ ಒಳ್ಳೆಯ ನಿದರ್ಶನ. ಪಠ್ಯಕ್ರಮ ಗಂಟೆಗಳ ವಿಷಯದಲ್ಲಿ ಬಲು ನಿಖರವಾಗಿತ್ತು: ಎಂಟು ಘಟಕ, 50 ಉಪನ್ಯಾಸ. ನೈಸರ್ಗಿಕ ಸಂಪನ್ಮೂಲಗಳಿಗೆ ಎಂಟು, ಪರಿಸರ ವ್ಯವಸ್ಥೆಗಳಿಗೆ ಆರು, ಜೀವವೈವಿಧ್ಯಕ್ಕೆ ಎಂಟು, ಮಾಲಿನ್ಯಕ್ಕೆ ಎಂಟು ಎಂಬಂತೆ ಹಂಚಿ, ಕೊನೆಯ ಐದು ಗಂಟೆಗಳನ್ನು ಕ್ಷೇತ್ರಕಾರ್ಯಕ್ಕೆ ಬಿಟ್ಟಿತ್ತು. ಅಂಕಗಳಲ್ಲಿ 75 ಪರೀಕ್ಷೆಗೆ, 25 ಕ್ಷೇತ್ರಕಾರ್ಯಕ್ಕೆ. ಇಷ್ಟು ಕರಾರುವಾಕ್ಕಾದ ಲೆಕ್ಕದೊಡನೆ ಹುದ್ದೆಗಳು ಬರಲಿಲ್ಲ. ಪಾಠ ಮಂಜೂರಾಯಿತು, ಪಾಠ ಹೇಳುವವರು ಮಂಜೂರಾಗಲಿಲ್ಲ.

ಇದನ್ನು ಆಡಳಿತದ ಉದಾಸೀನವೆಂದು ಬಿಡುವಂತಿಲ್ಲ, ಲೆಕ್ಕವೇ ಹಾಗಿದೆ. ಆಯೋಗದ ನಿಯಮದಂತೆ ಸಹಾಯಕ ಪ್ರಾಧ್ಯಾಪಕರೊಬ್ಬರ ನೇರ ಬೋಧನೆಯ ಹೊರೆ ವಾರಕ್ಕೆ 16 ಗಂಟೆ. ಈರೋಡು ಜಿಲ್ಲೆಯ ಕಾಲೇಜುಗಳು ಸೇರುವ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ಬಹುಕಾಲದಿಂದ ಈ ಪತ್ರಿಕೆ ಪದವಿಯ ನಾಲ್ಕನೆಯ ಭಾಗಕ್ಕೆ ಸೇರಿದೆ: ಮೊದಲ ಸೆಮಿಸ್ಟರ್, ವಾರಕ್ಕೆ ಎರಡು ಗಂಟೆ, 50 ಅಂಕ. ಐದು ಪದವಿ ತರಗತಿಗಳಿರುವ ಸಣ್ಣ ಕಾಲೇಜೊಂದನ್ನು ಎದುರಿಗಿಟ್ಟುಕೊಂಡರೆ ವಾರಕ್ಕೆ ಹತ್ತು ಗಂಟೆಯಾಗುತ್ತದೆ. ಅದೂ ವರ್ಷದ ಅರ್ಧ ಭಾಗ ಮಾತ್ರ. ಎರಡನೆಯ ಸೆಮಿಸ್ಟರಿಗೆ ಆ ಹತ್ತೂ ಸೊನ್ನೆ. ಒಂದು ಪೂರ್ಣ ಹುದ್ದೆ ಹುಟ್ಟಲು ಬೇಕಾದ ಎಂಟು ತರಗತಿಗಳು ನಗರದ ದೊಡ್ಡ ಕಾಲೇಜಿನಲ್ಲಿ ಸಿಗಬಹುದು, ಬೆಟ್ಟದ ಮೇಲಿನ ಕಾಲೇಜಿನಲ್ಲಿ ಸಿಗಲಾರವು. ಕಾಡಿಗೆ ಎಷ್ಟು ಹತ್ತಿರವೋ ಪರಿಸರದ ಹುದ್ದೆಗೆ ಅಷ್ಟು ದೂರ. ತಮಿಳುನಾಡು ಸರ್ಕಾರ 2021ರಲ್ಲಿ ಘೋಷಿಸಿದ ಹತ್ತು ಹೊಸ ಕಲೆ ಮತ್ತು ವಿಜ್ಞಾನ ಕಾಲೇಜುಗಳಲ್ಲಿ ತಾಳವಾಡಿಯದೂ ಒಂದು. ಘಟ್ಟವಿಳಿಯದೆ ಪದವಿ ಓದಬಹುದೆಂಬುದು ಆ ಸೀಮೆಗೆ ದೊಡ್ಡ ಸಂಗತಿ. ಹೆಣ್ಣುಮಕ್ಕಳಿಗಂತೂ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬಷ್ಟು ದೊಡ್ಡದು. ಆದರೆ ಪರಿಸರದ ಹುದ್ದೆಯ ಮಟ್ಟಿಗೆ ಹೊಸ ಸಣ್ಣ ಕಾಲೇಜುಗಳೆಲ್ಲ ಈ ಲೆಕ್ಕದೊಳಗೇ ಹುಟ್ಟುತ್ತವೆ.

ಹುದ್ದೆಯಾಗದ ಗಂಟೆಗಳನ್ನು ತುಂಬಲು ಕಾಲೇಜುಗಳಿಗೆ ಉಳಿದ ದಾರಿ ಎರಡೇ. ಮೊದಲನೆಯದು ಹೊರೆ ಕಡಿಮೆ ಬಿದ್ದ ಅಧ್ಯಾಪಕರಿಗೆ ಪರಿಸರವನ್ನು ಹಂಚುವುದು. ಸಸ್ಯಶಾಸ್ತ್ರದವರಿಗೆ ಸಿಕ್ಕರೆ ಪುಣ್ಯ. ವಾಣಿಜ್ಯ ತರಗತಿಗೆ ವಾಣಿಜ್ಯದವರೇ, ಇತಿಹಾಸ ತರಗತಿಗೆ ಇತಿಹಾಸದವರೇ ಈ ಪಾಠ ಮುಗಿಸುವ ಪದ್ಧತಿ ಎರಡೂ ರಾಜ್ಯಗಳ ಕಾಲೇಜುಗಳಲ್ಲಿ ಅಪರೂಪವಲ್ಲ. ಎರಡನೆಯದು ಅರೆಕಾಲಿಕರನ್ನು ನೇಮಿಸಿಕೊಳ್ಳುವುದು.

ಅರೆಕಾಲಿಕರಿಗೆ ಇಟ್ಟ ಹೆಸರುಗಳನ್ನು ಭಾಷಾಭ್ಯಾಸಿಗಳು ಗಮನಿಸಬೇಕು. ಕನ್ನಡದಲ್ಲಿ 'ಅರೆಕಾಲಿಕ ಉಪನ್ಯಾಸಕ' ಎಂಬ ಹಳೆಯ ಹೆಸರು ಹಿಂದೆ ಸರಿದು 'ಅತಿಥಿ ಉಪನ್ಯಾಸಕ' ಎಂಬುದು ನಿಂತಿತು. ತಮಿಳುನಾಡಿನ ಆದೇಶಗಳಲ್ಲಿ ಅವರು 'ಗೌರವ ವಿರಿವುರೈಯಾಳರ್'. ಎರಡೂ ಕಡೆ ಕೈಗೆ ಬರುವುದು ಸಂಬಳವಲ್ಲ, ಗೌರವಧನ. ಅರೆಕಾಲಿಕವೆಂಬ ಮಾತು ಕೆಲಸದ ಅಳತೆಯನ್ನಾದರೂ ಹೇಳುತ್ತಿತ್ತು. ಉಳಿದರ್ಧದ ಹಕ್ಕು ಕೇಳಲು ಅದರಲ್ಲಿ ಎಡೆಯಿತ್ತು. ಅತಿಥಿಯೆಂಬ ಮಾತು ಸಂಬಂಧವನ್ನೇ ಬದಲಿಸುತ್ತದೆ: ಅತಿಥಿ ಬಂದಷ್ಟೇ ಸಹಜವಾಗಿ ಹೋಗಬೇಕಾದವನು, ಊಟದ ಬಗ್ಗೆ ತಕರಾರು ಮಾಡಬಾರದವನು. ಹತ್ತು, ಹದಿನೈದು ವರ್ಷ ಒಂದೇ ಕಾಲೇಜಿಗೆ ಬರುತ್ತಿರುವವರನ್ನು ಅತಿಥಿಯೆಂದು ಕರೆಯುವುದು ಕನ್ನಡದ ಆತಿಥ್ಯ ಪರಂಪರೆಗೆ ಸಂದ ಗೌರವವೇನೂ ಅಲ್ಲ.

ಹಣದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅತಿಥಿ ಬೋಧಕರಿಗೆ ಉಪನ್ಯಾಸವೊಂದಕ್ಕೆ 1,000 ರೂ., ತಿಂಗಳಿಗೆ ಹೆಚ್ಚೆಂದರೆ 25,000 ರೂ. ಎಂದಿದ್ದ ಆಯೋಗದ ದರ 2019ರ ಜನವರಿಯಲ್ಲಿ 1,500 ಮತ್ತು 50,000ಕ್ಕೆ ಏರಿತು. ಆಯೋಗದ ದರ ಒಂದು, ರಾಜ್ಯಗಳು ಕೊಡುವುದು ಇನ್ನೊಂದು. ತಮಿಳುನಾಡಿನ ಸರ್ಕಾರಿ ಕಾಲೇಜುಗಳ ಗೌರವ ಉಪನ್ಯಾಸಕರ ಮೊತ್ತ ಇತ್ತೀಚಿನ ವರ್ಷಗಳಲ್ಲಿ ತಿಂಗಳಿಗೆ 20,000ದಿಂದ 25,000 ರೂ.ಗೆ ಏರಿದೆ; ಅದೂ ವರ್ಷದಲ್ಲಿ ಹನ್ನೊಂದು ತಿಂಗಳಿಗೆ. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯವರೆಗೆ ಆಯೋಗದ ಅರ್ಹತೆಯಿದ್ದವರಿಗೆ 13,000, ಇಲ್ಲದವರಿಗೆ 11,000 ರೂ. ಇತ್ತು. ದೀರ್ಘ ಮುಷ್ಕರದ ಬಳಿಕ ಅದು ಅರ್ಹತೆ ಮತ್ತು ಸೇವಾವಧಿಗೆ ತಕ್ಕಂತೆ 26,000ದಿಂದ 32,000ಕ್ಕೆ ಏರಿತು. ಜೊತೆಗೇ ವಾರಕ್ಕೆ ಎಂಟು, ಹತ್ತು ಗಂಟೆಯಿದ್ದ ಹೊರೆ 15 ಗಂಟೆಯಾಯಿತು. ಒಬ್ಬರ ಗಂಟೆ ಹೆಚ್ಚಿದಾಗ ಬೇಕಾದ ತಲೆಗಳ ಸಂಖ್ಯೆ ಕುಗ್ಗುತ್ತದೆ. ಪರಿಸರ ಅಧ್ಯಯನಕ್ಕೆ ಇದು ವಿಶೇಷ ಪೆಟ್ಟು. ಎರಡೆರಡು ಗಂಟೆಯ ಚೂರುಗಳು ಬೇರೆ ವಿಷಯದ ಅತಿಥಿಗಳ 15 ಗಂಟೆ ಭರ್ತಿ ಮಾಡುವ ಸಾಮಗ್ರಿಯಾದವು. ಪರಿಸರ ವಿಜ್ಞಾನದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಆ ಚೂರುಗಳೂ ಸಿಗದಂತಾದವು.

ಈ ಬೋಧಕರು ಕಾಯಂ ಆಗುವ ದಾರಿಯನ್ನು ಮುಚ್ಚಿದ ತೀರ್ಪೂ ಕರ್ನಾಟಕದಿಂದಲೇ ಹುಟ್ಟಿದ್ದು. 2006ರ ಏಪ್ರಿಲ್ 10ರಂದು ಕರ್ನಾಟಕ ರಾಜ್ಯ ಮತ್ತು ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ನಿಯಮಬದ್ಧ ಆಯ್ಕೆಯಿಲ್ಲದೆ ತಾತ್ಕಾಲಿಕವಾಗಿ ಸೇರಿದವರು ಎಷ್ಟು ವರ್ಷ ದುಡಿದರೂ ಕಾಯಮಾತಿಯನ್ನು ಹಕ್ಕಾಗಿ ಕೇಳಲಾರರೆಂದು ಹೇಳಿತು. ಹಿಂಬಾಗಿಲ ನೇಮಕಗಳನ್ನು ತಡೆಯುವ ತರ್ಕ ಅದರ ಹಿಂದಿತ್ತು. ಮುಂಬಾಗಿಲಲ್ಲಿ ಕಾದು ನಿಂತ ಇತರರಿಗೆ ಅನ್ಯಾಯವಾಗಬಾರದೆಂಬ ಕಾಳಜಿಯೂ ಇತ್ತು. ಆದರೆ ಪರಿಸರ ಅಧ್ಯಯನದ ಮಟ್ಟಿಗೆ ಮುಂಬಾಗಿಲೇ ಇರಲಿಲ್ಲ. ಒಂದು ನ್ಯಾಯಾಲಯದ ಆದೇಶ ಪಾಠವನ್ನು ಕಡ್ಡಾಯ ಮಾಡಿತು. ಅದೇ ನ್ಯಾಯಾಲಯದ ಇನ್ನೊಂದು ತೀರ್ಪು ಪಾಠ ಹೇಳುವವರನ್ನು ತಾತ್ಕಾಲಿಕತೆಯಲ್ಲಿ ನಿಲ್ಲಿಸಿತು. ಒಪ್ಪಂದದ ಬೋಧಕರು ಒಟ್ಟು ಬೋಧಕ ಹುದ್ದೆಗಳ ಶೇ. 10ನ್ನು ಮೀರಬಾರದೆಂದು ಆಯೋಗದ 2010 ಮತ್ತು 2018ರ ನಿಯಮಗಳು ಹೇಳುತ್ತವೆ. ಹುದ್ದೆಯೇ ಇಲ್ಲದ ವಿಷಯದಲ್ಲಿ ಯಾವುದರ ಶೇಕಡಾ ಹತ್ತು ಎಂಬ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿಲ್ಲ.

ಅರ್ಹತೆಯ ಕಡೆ ನೋಡಿದರೆ ಗಡಿಯ ಸಮಸ್ಯೆ ಸ್ಪಷ್ಟವಾಗುತ್ತದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯ. ಕನ್ನಡವೂ ಪ್ರತ್ಯೇಕ ವಿಷಯ. ಒಬ್ಬ ಅಭ್ಯರ್ಥಿ ಒಂದರಲ್ಲಿ ಉತ್ತೀರ್ಣನಾದರೆ ಇನ್ನೊಂದರ ತಿಳಿವಳಿಕೆಗೆ ಬೆಲೆಯಿಲ್ಲ. ಆನೆಯ ಚಲನೆಯನ್ನು ವಿಜ್ಞಾನವಾಗಿ ಬಲ್ಲ, ಅದೇ ವೇಳೆ ಗುಮಟಾಪುರದ ರೈತ ಆನೆಯ ಬಗ್ಗೆ ಆಡುವ ಮಾತನ್ನೂ ಬಲ್ಲ ಅಭ್ಯರ್ಥಿಗೆ ಆಯ್ಕೆ ಪಟ್ಟಿಯಲ್ಲಿ ಹೆಚ್ಚಿನ ಅಂಕ ಕೊಡುವ ಅಂಕಣವಿಲ್ಲ. ಕಾಯಂ ನೇಮಕಗಳಲ್ಲಿ ತಮಿಳುನಾಡಿನ 2010ರ ಕಾನೂನು ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಶೇ. 20ರ ಆದ್ಯತೆ ಕೊಡುತ್ತದೆ. ಕರ್ನಾಟಕ ಕನ್ನಡ ಮಾಧ್ಯಮದವರಿಗೆ ಶೇ. 5ರ ಮೀಸಲಾತಿ ಕೊಡುತ್ತದೆ. ಎರಡೂ ನ್ಯಾಯವಾದ ಕ್ರಮಗಳೇ. ಆದರೆ ಎರಡೂ ರಾಜ್ಯದ ಬಹುಸಂಖ್ಯಾತ ಭಾಷೆಯನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡವು. ತಮಿಳುನಾಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ತಮ್ಮ ರಾಜ್ಯದ ಆ ಆದ್ಯತೆಯ ಹೊರಗೆ ನಿಲ್ಲುತ್ತಾರೆ.

ತಾಳವಾಡಿಯ ವಿದ್ಯಾರ್ಥಿಗಳಿಗೆ ತಮಿಳು ಬರುವುದಿಲ್ಲವೆಂಬ ಹಳೆಯ ಚಿತ್ರ ಈಗ ಪೂರ್ತಿ ನಿಜವಲ್ಲ ಎಂಬುದನ್ನೂ ಹೇಳಬೇಕು. 2006ರ ತಮಿಳು ಕಲಿಕೆ ಕಾನೂನು ಒಂದನೆಯ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ಇಂದಿನ ಹುಡುಗರು ತಮಿಳಿನ ಅಕ್ಷರ ಬಲ್ಲರು. ಹನ್ನೆರಡನೆಯ ತರಗತಿಯವರೆಗೆ ತಮಿಳು ಓದದೆ, ಮೊದಲ ಭಾಗದಲ್ಲಿ ಬೇರೆ ಭಾಷೆ ಆರಿಸಿಕೊಂಡವರಿಗೆ ಭಾರತಿಯಾರ್ ವಿಶ್ವವಿದ್ಯಾಲಯ ಅದೇ ನಾಲ್ಕನೆಯ ಭಾಗದಲ್ಲಿ ಆರನೆಯ ತರಗತಿಯ ಮಟ್ಟದ ತಮಿಳನ್ನು ಕಲಿಸುತ್ತದೆ. ಆದ್ದರಿಂದ ತೊಡಕಿರುವುದು ಓದುಬರಹದಲ್ಲಿ ಅಲ್ಲ. ಈ ಪತ್ರಿಕೆಯ ವಸ್ತು ವಿದ್ಯಾರ್ಥಿಯ ಮನೆಯ ಸುತ್ತಲೇ ಇದೆ, ಆ ಸುತ್ತಣದ ಹೆಸರುಗಳು ಕನ್ನಡದಲ್ಲಿವೆ, ತರಗತಿಯ ಹೆಸರುಗಳು ಇಂಗ್ಲಿಷಿನಲ್ಲಿಯೋ ತಮಿಳಿನಲ್ಲಿಯೋ ಬರುತ್ತವೆ. ಎರಡನ್ನೂ ಜೋಡಿಸಿ ಕೊಡುವುದು ಬೋಧಕರ ಕೆಲಸ. ಮುಂದಿನ ಸೆಮಿಸ್ಟರಿಗೆ ಇರುತ್ತಾರೋ ಇಲ್ಲವೋ ಎಂಬುದು ತಿಳಿಯದವರು ಅದಕ್ಕೆ ತೊಡಗುವುದು ಕಷ್ಟ.

ಒಂದು ಗಿಡದ ಉದಾಹರಣೆ ಸಾಕು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಮೋಯಾರ್ ಕಣಿವೆಯಲ್ಲಿ ಹಬ್ಬಿ ಸ್ಥಳೀಯ ಸಸ್ಯಗಳನ್ನು ಅದುಮಿರುವ ಪ್ರೊಸೊಪಿಸ್ ಜೂಲಿಫ್ಲೋರಾ ಪಠ್ಯದಲ್ಲಿ 'ಆಕ್ರಮಣಕಾರಿ ಪ್ರಭೇದ'ವೆಂದು ಬರುತ್ತದೆ. ತಮಿಳಿನಲ್ಲಿ ಅದು ಸೀಮೈ ಕರುವೇಲಂ, ಕನ್ನಡದಲ್ಲಿ ಬಳ್ಳಾರಿ ಜಾಲಿ. ತಮಿಳು ಅದನ್ನು ಸೀಮೆಯಿಂದ, ಅಂದರೆ ಹೊರದೇಶದಿಂದ, ಬಂದದ್ದೆನ್ನುತ್ತದೆ. ಕನ್ನಡ ಬಳ್ಳಾರಿಯ ಕಡೆಯಿಂದ ಬಂದದ್ದೆನ್ನುತ್ತದೆ. ಎರಡು ಭಾಷೆಗಳೂ ಹೆಸರಿಡುವಾಗಲೇ ಆ ಗಿಡ ಈ ನೆಲದ್ದಲ್ಲವೆಂದು ಗುರುತಿಸಿವೆ. ಆಕ್ರಮಣಕಾರಿ ಪ್ರಭೇದದ ವ್ಯಾಖ್ಯೆ ಈ ಎರಡು ಹೆಸರುಗಳೊಳಗೇ ಇದೆ. ಎರಡೂ ಭಾಷೆ ಬಲ್ಲ ಬೋಧಕರಿಗೆ ಇದು ಅರ್ಧ ಗಂಟೆಯ ಪಾಠ. ಬಾರದವರಿಗೆ ಬಾಯಿಪಾಠ ಮಾಡಿಸಬೇಕಾದ ಒಂದು ಲ್ಯಾಟಿನ್ ಹೆಸರು.

ಇದಕ್ಕಿಂತ ಆಳವಾದ ಉದಾಹರಣೆ ಗಡಿಯಾಚೆಗಿನ ಬಿಳಿಗಿರಿರಂಗನ ಬೆಟ್ಟದಿಂದ ಬರುತ್ತದೆ. ಸೋಲಿಗರು ಒಣ ಎಲೆಗೆ ಬೇಸಗೆಯ ಆರಂಭದಲ್ಲಿ ಹಾಕುತ್ತಿದ್ದ ಸಣ್ಣ ಬೆಂಕಿಗೆ 'ತರಗು ಬೆಂಕಿ' ಎನ್ನುತ್ತಾರೆ. ಆ ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು, ನೆಲ್ಲಿ ಮರಗಳ ಮೇಲೆ 'ಉಪ್ಪಿಲು' ಎಂಬ ಬಂದಳಿಕೆ ಏರಿತು ಎಂಬುದು ಅವರ ಅನುಭವ. ಪರಿಸರ ವಿಜ್ಞಾನಿಗಳು ಅದನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತದ್ದು ದೇಶದಲ್ಲೇ ಮಹತ್ವದ ಘಟನೆ. ಅದೇ ಜನಾಂಗದವರು ತಾಳವಾಡಿ, ಹಾಸನೂರುಗಳ ಕಾಡಿನಂಚಿನಲ್ಲಿಯೂ ಇದ್ದಾರೆ. ಅವರ ಮಕ್ಕಳು ಕಾಲೇಜಿನಲ್ಲಿ ಓದುವ ಪಠ್ಯದಲ್ಲಿ 'ಕಾಳ್ಗಿಚ್ಚು' ಕೇವಲ ವಿಪತ್ತು. ತರಗು ಬೆಂಕಿಗೂ ಕಾಳ್ಗಿಚ್ಚಿಗೂ ಇರುವ ವ್ಯತ್ಯಾಸ ಆ ತರಗತಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಬೆಂಚಿನ ಮೇಲೆ ಕುಳಿತವರಿಗೆ, ಕರಿಹಲಗೆಯ ಬಳಿ ನಿಂತವರಿಗಲ್ಲ. ಆ ತಿಳಿವಳಿಕೆಯನ್ನು ಕೇಳಿ ಹೊರತೆಗೆಯುವ ಸಂಭಾಷಣೆಗೆ ಕನ್ನಡ ಬೇಕು, ಪುರುಸೊತ್ತೂ ಬೇಕು.

ಕ್ಷೇತ್ರಕಾರ್ಯದ ಐದು ಗಂಟೆಗಳನ್ನು ಪಠ್ಯಕ್ರಮ ಇಟ್ಟದ್ದು ಇಂತಹ ಸಂಭಾಷಣೆಗಾಗಿಯೇ ಇರಬೇಕು. 2008ರಲ್ಲಿ ವನ್ಯಜೀವಿಧಾಮವಾಗಿ, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಸುಮಾರು 1,400 ಚದರ ಕಿ.ಮೀ. ಕಾಡು ಕಾಲೇಜಿನ ಅಂಗಳದಾಚೆಗೇ ಇದೆ. ಹುಲಿಗಳ ಸಂಖ್ಯೆ ಇಮ್ಮಡಿಯಾದುದಕ್ಕಾಗಿ 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿಯೂ ಸಂದಿತು. ಅದೇ ವರ್ಷದ ಫೆಬ್ರವರಿ 10ರಂದು, ಜಿಲ್ಲಾಧಿಕಾರಿಗಳ 2019ರ ಅಧಿಸೂಚನೆಯನ್ನು ಮದ್ರಾಸ್ ಹೈಕೋರ್ಟಿನ ಆದೇಶದಂತೆ ಜಾರಿಗೊಳಿಸಿ, ಬಣ್ಣಾರಿ–ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸಲಾಯಿತು. ತರಕಾರಿ, ಹೂವು, ಹಾಲು ಸಾಗಿಸುವ ತಾಳವಾಡಿಯವರು ಪ್ರತಿಭಟಿಸಿದರು. ಬಳಿಕ ಸ್ಥಳೀಯರಿಗೆ ಸಡಿಲಿಕೆ ದೊರೆಯಿತು. ಜನರನ್ನು ಕೊಂದು ಬೆಳೆ ನುಗ್ಗುತ್ತಿದ್ದ 'ಕರುಪ್ಪನ್' ಎಂಬ ಆನೆಯನ್ನು 2023ರ ಏಪ್ರಿಲಿನಲ್ಲಿ ತಾಳವಾಡಿ ಬಳಿ ಹಿಡಿದು ಸಾಗಿಸಲಾಯಿತು. ಹುಲಿ ಹೆಚ್ಚಿದ್ದೂ, ದಾರಿ ಮುಚ್ಚಿದ್ದೂ, ಆನೆ ಸೆರೆಯಾದದ್ದೂ ಒಂದೇ ಕಥೆಯ ಭಾಗಗಳು. ಆರನೆಯ ಘಟಕದ 'ಸಾಮಾಜಿಕ ಸಮಸ್ಯೆಗಳು ಮತ್ತು ಪರಿಸರ'ಕ್ಕೆ ಇದಕ್ಕಿಂತ ಮಿಗಿಲಾದ ಪಾಠ ಭಾರತದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಆದರೆ ಕ್ಷೇತ್ರಕಾರ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ವಾಹನ ಬೇಕು, ಅಪಾಯವಾದರೆ ಹೊಣೆ ಹೊರಲು ಒಬ್ಬರು ಬೇಕು. ಸೇವಾ ಭದ್ರತೆಯಿಲ್ಲದ ಬೋಧಕರು ಐವತ್ತು ವಿದ್ಯಾರ್ಥಿಗಳನ್ನು ಆನೆಯ ದಾರಿಗೆ ಕರೆದೊಯ್ದು ಆ ಹೊಣೆ ಹೊರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪೂರ್ವಸಿದ್ಧತೆಯ ದಿನಗಳು ಗಂಟೆಗಳ ಲೆಕ್ಕದಲ್ಲಿ ಬರುವುದೂ ಇಲ್ಲ. ಹೀಗಾಗಿ 25 ಅಂಕದ ಕ್ಷೇತ್ರಕಾರ್ಯವು ಅನೇಕ ಕಡೆ ಹಿಂದಿನ ವರ್ಷದವರ ದಾಖಲೆ ಪುಸ್ತಕವನ್ನು ನಕಲು ಮಾಡುವ ಕಾರ್ಯವಾಗಿ ಉಳಿಯಿತು. ಊರ ಕೆರೆ ಕಣ್ಣೆದುರಿಗಿರುವವರು ಯಾವುದೋ ದೂರದ ಸರೋವರದ ಮಾಲಿನ್ಯದ ವರದಿ ಬರೆಯುತ್ತಾರೆ.

ಕಾಸರಗೋಡಿನ ಅನುಭವ ಇಲ್ಲಿ ಹೋಲಿಕೆಗೆ ಬರುತ್ತದೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಪೋಷಕರೂ ಮಕ್ಕಳೂ ಬೀದಿಗಿಳಿದರು. ವಿಷಯ ನ್ಯಾಯಾಲಯದವರೆಗೆ ಹೋಯಿತು. ಕಾಲೇಜಿನ ಪರಿಸರ ತರಗತಿಯ ಬಗ್ಗೆ ಅಂತಹ ಪ್ರತಿಭಟನೆ ಎಲ್ಲಿಯೂ ಆಗಲಿಲ್ಲ, ಏಕೆಂದರೆ ಅದು ಯಾರೂ ಅನುತ್ತೀರ್ಣರಾಗಲು ಹೆದರದ, ಯಾರೂ ಗಂಭೀರವಾಗಿ ಪರಿಗಣಿಸದ ಪತ್ರಿಕೆ. ವಿಪರ್ಯಾಸವೆಂದರೆ ಕಾಸರಗೋಡಿನ ಗೇರು ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ ಅದರ ದುಷ್ಪರಿಣಾಮವನ್ನು ಮೊದಲು ಬರೆದು ತಿಳಿಸಿದವರಲ್ಲಿ ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆ ಇದ್ದರು, ಎಣ್ಮಕಜೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯ ವೈ.ಎಸ್. ಮೋಹನ ಕುಮಾರ್ ಇದ್ದರು. ದೇಶದ ಪರಿಸರ ಚರಿತ್ರೆಯ ಆ ದೊಡ್ಡ ಅಧ್ಯಾಯ ಗಡಿಯ ಕನ್ನಡ ಬಲ್ಲವರ ಕಣ್ಣು, ಕಿವಿಗಳ ಮೂಲಕವೇ ತೆರೆಯಿತು. ಅವರಾರೂ ಪರಿಸರ ಅಧ್ಯಯನದ ಬೋಧಕರಾಗಿರಲಿಲ್ಲ. ಇಂತಹ ತಿಳಿವಳಿಕೆ ಗಡಿಯ ಕನ್ನಡದಲ್ಲಿ ಇರುವುದು ನಿಜ, ಕಾಲೇಜಿನ ನೇಮಕಪಟ್ಟಿಗೂ ಅದಕ್ಕೂ ದಾರಿಯಿಲ್ಲದಿರುವುದೂ ನಿಜ.

ದಾರಿ ತೀರ ದುಸ್ಸಾಧ್ಯವೇನಲ್ಲ. ತಾಳವಾಡಿ ಸೀಮೆಯಂತಹ ಕಡೆ ಪರಿಸರ, ಮಾನವ ಹಕ್ಕು, ಜೀವವಿಜ್ಞಾನದ ಐಚ್ಛಿಕ ಪತ್ರಿಕೆಗಳನ್ನು ಒಂದು ಹೊರೆಯಾಗಿ ಕೂಡಿಸಿದರೆ ವರ್ಷವಿಡೀ ನಿಲ್ಲುವ ಒಂದು ಹುದ್ದೆಯಾಗುತ್ತದೆ. ಅತಿಥಿಗಳನ್ನೇ ನೇಮಿಸುವುದಾದರೂ ಸ್ಥಳೀಯ ಅಲ್ಪಸಂಖ್ಯಾತ ಭಾಷೆಯ ಅರಿವಿಗೆ ಐದಾರು ಅಂಕ ಕೊಡಲು ಕಾನೂನಿನ ತಿದ್ದುಪಡಿ ಬೇಕಾಗಲಾರದು, ಆಯ್ಕೆಯ ಮಾನದಂಡದಲ್ಲಿ ಒಂದು ಸಾಲು ಸಾಕು. ತಮಿಳು ಬಲ್ಲ ಕನ್ನಡಿಗರೂ ಕನ್ನಡ ಬಲ್ಲ ತಮಿಳರೂ ಆ ಸೀಮೆಯಲ್ಲಿ ಧಾರಾಳವಾಗಿದ್ದಾರೆ. ಇಬ್ಬರಿಗೂ ಅದು ಸಲ್ಲುತ್ತದೆ. ಹಾಗೆಂದು ಎಲ್ಲ ಹೊಣೆಯನ್ನು ಭಾಷೆಯ ಮೇಲೆ ಹಾಕುವುದೂ ಸರಿಯಲ್ಲ. ಗಡಿಯ ಈಚೆಗೆ, ಕನ್ನಡವೇ ಆಡಳಿತಭಾಷೆಯಾದ ಚಾಮರಾಜನಗರದ ಕಡೆ, ಬೋಧಕರು ಕನ್ನಡದಲ್ಲಿ ಪಾಠ ಹೇಳುತ್ತಾರೆ, ಉತ್ತರವನ್ನೂ ಕನ್ನಡದಲ್ಲಿ ಬರೆಯಬಹುದು. ಅಲ್ಲಿಯೂ ಹುದ್ದೆಯ ಅಭದ್ರತೆ ಇದೇ ಬಗೆಯದು. ತಾಳವಾಡಿಯಲ್ಲಿ ಅಭದ್ರತೆಯೂ ಅಪರಿಚಿತ ಭಾಷೆಯೂ ಒಟ್ಟಿಗೆ ಬರುತ್ತವೆ ಎಂಬುದಷ್ಟೇ ವ್ಯತ್ಯಾಸ.

2023ರಲ್ಲಿ ಆಯೋಗವು ಪದವಿ ಹಂತದ ಪರಿಸರ ಶಿಕ್ಷಣಕ್ಕೆ ಹೊಸ ಮಾರ್ಗಸೂಚಿ ಹೊರಡಿಸಿ ನಾಲ್ಕು ಕ್ರೆಡಿಟ್‌ಗಳ ಚೌಕಟ್ಟನ್ನು ಸೂಚಿಸಿತು. ಹವಾಮಾನ ಬದಲಾವಣೆ, ಸುಸ್ಥಿರ ಅಭಿವೃದ್ಧಿಗಳು ಮುನ್ನೆಲೆಗೆ ಬಂದವು. ಕ್ಷೇತ್ರಾಧ್ಯಯನಕ್ಕೆ ಒತ್ತು ಹೆಚ್ಚಿತು. ಹಳೆಯ ಲೆಕ್ಕವನ್ನು ಹೊಸ ಚೌಕಟ್ಟಿಗೆ ಹಾಕಿ ನೋಡಿದರೆ, ಐದು ತರಗತಿಗಳ ಕಾಲೇಜಿನಲ್ಲಿ ನಾಲ್ಕೂ ಕ್ರೆಡಿಟ್‌ಗಳನ್ನು ಒಂದೇ ಸೆಮಿಸ್ಟರಿನಲ್ಲಿ ಬೋಧಿಸಿದರೆ ವಾರಕ್ಕೆ 20 ಗಂಟೆ: ಒಂದು ಹುದ್ದೆಗಿಂತ ಹೆಚ್ಚು, ಆದರೆ ಅರ್ಧ ವರ್ಷಕ್ಕೆ ಮಾತ್ರ. ಎರಡು ಸೆಮಿಸ್ಟರಿಗೆ ಹಂಚಿದರೆ ವರ್ಷವಿಡೀ ವಾರಕ್ಕೆ ಹತ್ತು ಗಂಟೆ: ಹುದ್ದೆಗೆ ಆರು ಗಂಟೆ ಕಡಿಮೆ. ಸಣ್ಣ ಕಾಲೇಜು ಯಾವ ದಾರಿ ಹಿಡಿದರೂ ಅತಿಥಿಯನ್ನೇ ಕರೆಯಬೇಕಾಗುತ್ತದೆ.

ಮೊದಲ ಸೆಮಿಸ್ಟರ್ ಮುಗಿಯುತ್ತ ಬರುವುದು ದೀಪಾವಳಿಯ ಆಸುಪಾಸಿನಲ್ಲಿ. ಗೊರೆಹಬ್ಬದ ದಿನ ಗುಮಟಾಪುರದ ವಿದ್ಯಾರ್ಥಿಗಳು ತರಗತಿಗೆ ಬರುವ ಸಂಭವ ಕಡಿಮೆ. ಗಂಟೆಯ ದರದಲ್ಲಿ ದುಡಿಯುವ ಬೋಧಕರಿಗೆ ಪಾಠ ನಡೆಯದ ದಿನಕ್ಕೆ ಸಂಭಾವನೆಯಿಲ್ಲ. ಆ ದಿನ ಅವರು ಊರಿಗೆ ಹೋಗಿ ಸಗಣಿಯ ರಾಶಿಯ ಬಳಿ ತಮ್ಮ ವಿದ್ಯಾರ್ಥಿಗಳ ಜೊತೆ ನಿಂತರೂ ಹಾಜರಿ ಪುಸ್ತಕದಲ್ಲಿ ಅದನ್ನು ಬರೆಯಲು ಅಂಕಣವಿಲ್ಲ.